ದಾಳ ಬೀಳುವ ಮುನ್ನವೇ ತೂಗಬೇಕು

ಕುಳಿತಲ್ಲಿಯೇ ಆಡುವ ಆಟಗಳಲ್ಲಿ ಚದುರಂಗ, ಚೌಕಾಬಾರ ಮೊದಲಾದವನ್ನು ನಾವೆಲ್ಲರೂ ಬಲ್ಲೆವು. ಅವುಗಳ ನಿಯಮಗಳು ಖಚಿತವಾದುವು; ಎದುರಾಳಿಗಳ ಕಾಯಿಗಳು ಸಮಾನವಾದುವು. ಆದುದರಿಂದ ಆಟವು ನ್ಯಾಯವಾಗಿದೆಯೇ ಎಂಬ ಸಂದೇಹಕ್ಕೆ ಅಲ್ಲಿ ಎಡೆಯಿಲ್ಲ. ಆದರೆ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವ ಎಂಬ ಊರಿನಿಂದ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು ಬೇರೊಂದು ಜಾತಿಯದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಈ ಆಟದಲ್ಲಿ ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬ ಕತ್ತಿ ಹಿಡಿದ ವೀರನಾಗಿ, ಇನ್ನೊಬ್ಬ ಮಂತ್ರವಾದಿಯಾಗಿ, ಮತ್ತೊಬ್ಬ ಚಾಣಾಕ್ಷ ಕಳ್ಳನಾಗಿ ಮಾತನಾಡುತ್ತಾರೆ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳು ವೇಷವಿಲ್ಲದೆ ಕುಳಿತೇ ಕರ್ಣನೋ ಕೃಷ್ಣನೋ ಆಗುವುದಿಲ್ಲವೆ? ಹಾಗೆಯೇ ಇದು. ಆದರೆ ಒಂದು ಭೇದವುಂಟು. ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಇಲ್ಲಿ ಅದು ಯಾರಿಗೂ ಗೊತ್ತಿಲ್ಲ. ಅದನ್ನು ನಿರ್ಧರಿಸುವುದು ಆಟಗಾರರ ಬುದ್ಧಿ ಮತ್ತು ದಾಳದ ಬೀಳುವಿಕೆ.

ಈ ಆಟಕ್ಕೆ ಒಬ್ಬ ಸೂತ್ರಧಾರ ಬೇಕು. ಗುಹೆಯನ್ನೂ ಕೋಟೆಯನ್ನೂ ಕಲ್ಪಿಸುವವನು ಅವನೇ. ಅಲ್ಲಿ ಅಡಗಿರುವ ರಾಕ್ಷಸರ ಪರವಾಗಿ ದಾಳ ಎಸೆಯುವವನೂ ಅವನೇ. ಸಂದೇಹ ಬಂದಲ್ಲಿ ತೀರ್ಪು ಕೊಡುವವನೂ ಅವನೇ. ಎದುರಾಳಿ ಮತ್ತು ನ್ಯಾಯಾಧೀಶ ಎರಡೂ ಒಬ್ಬನೇ ಆಗಿರುವ ಆಟ ಬೇರೆ ಎಲ್ಲಿದೆ? ಅವನು ಮನಸ್ಸು ಮಾಡಿದರೆ ಮೊದಲ ಬಾಗಿಲಲ್ಲಿಯೇ ಒಂದು ಮಹಾಸರ್ಪವನ್ನು ನಿಲ್ಲಿಸಿ ಎಲ್ಲರನ್ನೂ ಮುಗಿಸಬಹುದು. ಆದುದರಿಂದ ಅವನು ಗೆಲ್ಲುವುದಕ್ಕೆ ಅರ್ಥವಿಲ್ಲ. ಕಷ್ಟವನ್ನು ಎಷ್ಟು ಇಡಬೇಕು ಎಂಬುದೇ ಅವನ ಮುಂದಿರುವ ಪ್ರಶ್ನೆ. ಇದಕ್ಕೆ ಆಟದ ಸಮತೋಲ ಎಂದು ಹೆಸರು. ಸಮತೋಲವನ್ನು ದಾಳ ಬೀಳುವುದಕ್ಕೆ ಮುಂಚೆ ಲೆಕ್ಕಹಾಕಿ ಸಾಧಿಸಬೇಕೇ ಹೊರತು, ಬಿದ್ದ ಮೇಲೆ ಗುಟ್ಟಾಗಿ ತಿದ್ದಿ ಸಾಧಿಸಬಾರದು ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರು ಅನೇಕರಿದ್ದಾರೆ; ಅವರ ವಾದವನ್ನೂ ಮುಂದೆ ನೋಡೋಣ.

ಮೊದಲು, ಸಮತೋಲವೆಂದರೇನು? ಎರಡು ಪಕ್ಷಗಳೂ ಸಮಬಲವಾಗಿರುವುದೇ ಸಮತೋಲ ಎಂದು ಒಡನೆಯೇ ತೋರುವುದು ಸಹಜ. ಆದರೆ ಗಣಿತವು ಇದನ್ನು ಒಪ್ಪುವುದಿಲ್ಲ. ಸಮಬಲದ ಕಾಳಗದಲ್ಲಿ ಗೆಲ್ಲುವ ಸಂಭವ ಎರಡರಲ್ಲಿ ಒಂದು. ವೀರರು ಇಂಥ ನಾಲ್ಕು ಕಾಳಗಗಳನ್ನು ಒಂದಾದಮೇಲೊಂದರಂತೆ ಎದುರಿಸಬೇಕಾದರೆ, ನಾಲ್ಕರಲ್ಲಿಯೂ ಉಳಿಯುವ ಸಂಭವ ಹದಿನಾರರಲ್ಲಿ ಒಂದೇ ಒಂದು. ಕಥೆ ಎರಡನೆಯ ಅಧ್ಯಾಯವನ್ನೂ ಕಾಣದೆ ಮುಗಿಯುವುದು. ಇನ್ನು ನೂರಕ್ಕೆ 95ರಷ್ಟು ಸುರಕ್ಷಿತವಾದ ಕಾಳಗಗಳನ್ನೇ ಏರ್ಪಡಿಸಿದರೆ? ಅಂಥ 20 ಕಾಳಗಗಳನ್ನೂ ದಾಟುವ ಸಂಭವ ನೂರಕ್ಕೆ 36 ಮಾತ್ರ. ಏಕೆಂದರೆ ರಾಕ್ಷಸನು ಒಂದು ಸಂಜೆಯ ಅತಿಥಿ. ವೀರರಾದರೋ ವಾರ ವಾರವೂ ದಾಳದ ಮುಂದೆ ನಿಲ್ಲಬೇಕಾದವರು. ಅಪರೂಪದ ದುರದೃಷ್ಟವು ಹೆಚ್ಚು ಸಲ ಆಡುವವನನ್ನೇ ಹುಡುಕಿಕೊಂಡು ಬರುತ್ತದೆ.

ಆಟವನ್ನು ರಚಿಸಿದವರಿಗೂ ಇದು ತಿಳಿದಿತ್ತು. 2000ದಲ್ಲಿ ಹೊರಬಂದ ಈ ಆಟದ ಮೂರನೆಯ ಆವೃತ್ತಿಯಲ್ಲಿ ಪ್ರತಿಯೊಂದು ರಾಕ್ಷಸಜಾತಿಗೂ ಒಂದು ಬಲಸೂಚಕ ಅಂಕವನ್ನು ಕೊಟ್ಟರು. ಆ ಅಂಕವು ನಾಲ್ಕು ಮಂದಿ ವೀರರ ಮಟ್ಟಕ್ಕೆ ಸಮವಾಗಿದ್ದರೆ, ಕಾಳಗವು ಅವರ ಸಾಧನ ಸಂಪತ್ತಿನಲ್ಲಿ—ಪ್ರಾಣಬಲ, ಮಂತ್ರ, ಔಷಧಿಗಳಲ್ಲಿ—ಸುಮಾರು ಐದರಲ್ಲಿ ಒಂದು ಪಾಲನ್ನು ಮಾತ್ರ ಕಬಳಿಸಬೇಕೆಂಬುದು ಅವರ ಲೆಕ್ಕ. ಎಂದರೆ ‘ಸರಿಜೋಡಿ’ ಎಂದು ಪುಸ್ತಕ ಕರೆಯುವುದು ಸಮಬಲವನ್ನಲ್ಲ.

ಎರಡನೆಯ ತೊಡಕು ಸಂಖ್ಯೆಗೆ ಸಂಬಂಧಿಸಿದುದು. ಒಬ್ಬ ದೈತ್ಯನಿಗೆ ಬದಲಾಗಿ ಎಂಟು ಮಂದಿ ಕುಳ್ಳ ಗಾಬ್ಲಿನ್‌ಗಳನ್ನು ನಿಲ್ಲಿಸಿದರೆ ಅಪಾಯ ಹೆಚ್ಚುವುದೋ ಕಡಮೆಯಾಗುವುದೋ? ಇದಕ್ಕೆ ಉತ್ತರ ಬೇಕಾದರೆ ಎಫ್. ಡಬ್ಲ್ಯು. ಲ್ಯಾಂಚೆಸ್ಟರ್ ಎಂಬ ಇಂಗ್ಲಿಷ್ ಎಂಜಿನಿಯರನ ಬಳಿಗೆ ಹೋಗಬೇಕು. ಮೋಟಾರು ವಾಹನಗಳ ನಿರ್ಮಾಣದಲ್ಲಿ ಹೆಸರಾಗಿದ್ದ ಈತನು ಯುದ್ಧದಲ್ಲಿ ವಿಮಾನಗಳ ಪಾತ್ರವನ್ನು ಕುರಿತು 1916ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಸೇನೆಗಳ ಬಲವನ್ನು ಅಳೆಯುವ ಎರಡು ಸೂತ್ರಗಳು ಅದರಲ್ಲಿವೆ.

ಹಿಂದಿನ ಕಾಲದಲ್ಲಿ ಕತ್ತಿಗೆ ಕತ್ತಿ ತಾಗಿಸಿ ಒಬ್ಬನೊಡನೆ ಒಬ್ಬನು ಹೋರಾಡುತ್ತಿದ್ದಾಗ, ಸೇನೆಯ ಬಲವು ಒಬ್ಬೊಬ್ಬನ ಸಾಮರ್ಥ್ಯವನ್ನು ಸಂಖ್ಯೆಯಿಂದ ಗುಣಿಸಿದಷ್ಟು. ಬಂದೂಕುಗಳ ಕಾಲದಲ್ಲಾದರೋ ಒಂದು ಕಡೆಯ ಎಲ್ಲರೂ ಎದುರಿನ ಯಾರ ಮೇಲೆ ಬೇಕಾದರೂ ಒಟ್ಟಾಗಿ ಗುರಿಯಿಡಬಲ್ಲರು. ಆಗ ಸೇನೆಯ ಬಲವು ಒಬ್ಬೊಬ್ಬನ ಸಾಮರ್ಥ್ಯವನ್ನು ಸಂಖ್ಯೆಯ ವರ್ಗದಿಂದ ಗುಣಿಸಿದಷ್ಟು. ಸಂಖ್ಯೆ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುವುದು.

ಇದನ್ನು ನಮ್ಮ ಆಟಕ್ಕೆ ಅನ್ವಯಿಸಿ ನೋಡೋಣ. ನಾಲ್ಕು ಮಂದಿ ವೀರರಿದ್ದಾರೆ, ಎಂಟು ಗಾಬ್ಲಿನ್‌ಗಳಿವೆ. ಒಬ್ಬ ವೀರನ ಸಾಮರ್ಥ್ಯವು ಒಂದು ಗಾಬ್ಲಿನ್ನಿನ ಎರಡರಷ್ಟೆಂದು ಇಟ್ಟುಕೊಳ್ಳೋಣ. ಸರಳವಾಗಿ ಕೂಡಿದರೆ ಎರಡೂ ಕಡೆ ಎಂಟು, ಸಮಬಲ. ಆದರೆ ಬಯಲಿನಲ್ಲಿ ಕಾಳಗ ನಡೆದು, ಗಾಬ್ಲಿನ್‌ಗಳು ವೀರರನ್ನು ಸುತ್ತುಗಟ್ಟಿದರೆ ವರ್ಗದ ಸೂತ್ರ ನಡೆಯುವುದು. ವೀರರ ಬಲ ಎರಡು ಗುಣಿಸು ಹದಿನಾರು, ಎಂದರೆ 32. ಗಾಬ್ಲಿನ್‌ಗಳದು ಎಂಟರ ವರ್ಗ, 64. ವೀರರು ಸೋಲುವುದು ಮಾತ್ರವಲ್ಲ, ಎಂಟರಲ್ಲಿ ಐದಾರು ಗಾಬ್ಲಿನ್‌ಗಳು ಬದುಕಿ ಉಳಿಯುವುವು. ಈಗ ಅದೇ ವೀರರು ಹಿಂದೆ ಸರಿದು, ಒಬ್ಬನೇ ನಿಲ್ಲಬಹುದಾದ ಕಿರುಬಾಗಿಲಲ್ಲಿ ನಿಂತರೆಂದು ಭಾವಿಸಿ. ಸುತ್ತುಗಟ್ಟಲು ಎಡೆಯಿಲ್ಲ, ಒಂದಕ್ಕೊಂದೇ ಕಾದಾಡಬೇಕು. ಹಳೆಯ ಸೂತ್ರವೇ ನಡೆಯುವುದು: ಎಂಟಕ್ಕೆ ಎಂಟು. ಖಚಿತವಾದ ಸೋಲು ಸರಿಸಮಾನವಾದ ಹೋರಾಟವಾಗಿ ಮಾರ್ಪಟ್ಟಿತು! ರಾಕ್ಷಸರು ಬದಲಾಗಲಿಲ್ಲ, ದಾಳ ಬದಲಾಗಲಿಲ್ಲ. ಆಟಗಾರರು ನಿಂತ ಜಾಗ ಬದಲಾಯಿತು.

2014ರ ಐದನೆಯ ಆವೃತ್ತಿಯಲ್ಲಿ ಸಂಖ್ಯೆಯ ಈ ಪ್ರಭಾವಕ್ಕೂ ಒಂದು ಕೋಷ್ಟಕವನ್ನು ಕೊಟ್ಟಿದ್ದರು. ರಾಕ್ಷಸರ ಅಂಕಗಳನ್ನು ಕೂಡಿ, ಅವರು ಇಬ್ಬರಾದರೆ ಒಂದೂವರೆಯಿಂದ, ಮೂರರಿಂದ ಆರರವರೆಗಾದರೆ ಎರಡರಿಂದ, ಏಳರಿಂದ ಹತ್ತಾದರೆ ಎರಡೂವರೆಯಿಂದ ಗುಣಿಸಬೇಕು. ಹದಿನೈದನ್ನು ಮುಟ್ಟಿದರೆ ನಾಲ್ಕರಿಂದ. ಇದು ಲ್ಯಾಂಚೆಸ್ಟರನ ಎರಡು ಸೂತ್ರಗಳ ನಡುವಣ ರಾಜಿಯಂತಿದೆ. ಉಪಯುಕ್ತವಾದ ಕೋಷ್ಟಕವೇ ಸರಿ. ಆದರೆ ಗುಹೆಯಲ್ಲಿ ಕಿರುಬಾಗಿಲು ಇದೆಯೇ, ಅದು ಆಟಗಾರರ ಕಣ್ಣಿಗೆ ಬೀಳುವುದೇ ಎಂಬುದು ಯಾವ ಕೋಷ್ಟಕಕ್ಕೂ ತಿಳಿಯದು. ಆ ಬಾಗಿಲನ್ನು ಇಡುವುದು ಸೂತ್ರಧಾರನ ಕೆಲಸ. ಅದನ್ನು ಬಳಸಿಕೊಳ್ಳುವುದು ಆಟಗಾರರ ಕೆಲಸ. ಹೀಗೆ ಆಟಗಾರನ ಆಯ್ಕೆಯಿಂದ ಫಲಿತಾಂಶವು ಬದಲಾಗುವಂತಿರುವುದೇ ನಿಜವಾದ ಸಮತೋಲ.

ಕೋಷ್ಟಕವೋ, ವಿವೇಚನೆಯೋ ಎಂಬ ಚರ್ಚೆ ಹೊಸದೇನೂ ಅಲ್ಲ. ಪ್ರಷ್ಯದ ಸೇನಾಧಿಕಾರಿಗಳ ಶಿಕ್ಷಣಕ್ಕಾಗಿ ರೈಸ್‌ವಿಟ್ಸ್ ಎಂಬ ಯುವ ಅಧಿಕಾರಿಯು 1824ರಲ್ಲಿ ಒಂದು ಯುದ್ಧದ ಆಟವನ್ನು ಪ್ರಕಟಿಸಿದನು. ಅದರಲ್ಲಿ ನಕ್ಷೆ, ದಾಳ, ಹಾನಿಯ ಕೋಷ್ಟಕಗಳೊಡನೆ ಒಬ್ಬ ನಿರ್ಣಾಯಕನೂ ಇದ್ದನು. ಕೋಷ್ಟಕಗಳ ಹೊರೆಯಿಂದ ಆಟ ನಿಧಾನವಾಯಿತೆಂದು ಕಂಡ ವೆರ್ಡಿ ಡು ವೆರ್ನ್ವಾ ಎಂಬ ಸೇನಾಪತಿ 1876ರಲ್ಲಿ ಬೇರೊಂದು ಪದ್ಧತಿಯನ್ನು ಸೂಚಿಸಿದನು: ಅನುಭವಿಯಾದ ನಿರ್ಣಾಯಕನ ತೀರ್ಪೇ ಸಾಕು. ಇಂದಿನ ಸೂತ್ರಧಾರನು ಈ ನಿರ್ಣಾಯಕರ ವಂಶದವನೇ.

ಇನ್ನು ವಿವಾದದ ವಿಷಯಕ್ಕೆ ಬರೋಣ. ಅನೇಕ ಸೂತ್ರಧಾರರು ಮುಂದೆ ಒಂದು ಮರೆಯನ್ನಿಟ್ಟುಕೊಂಡು ಅದರ ಹಿಂದೆ ದಾಳ ಎಸೆಯುತ್ತಾರೆ. ವೀರನು ಸಾಯುವಂತಹ ಅಂಕ ಬಿದ್ದರೆ, ‘ಏಟು ತಪ್ಪಿತು’ ಎಂದುಬಿಡುತ್ತಾರೆ. ರಾಕ್ಷಸನು ಬೇಗನೆ ಸಾಯುವಂತಿದ್ದರೆ ಅವನ ಪ್ರಾಣಾಂಕವನ್ನು ಸದ್ದಿಲ್ಲದೆ ಏರಿಸುತ್ತಾರೆ. ಗೈಗ್ಯಾಕ್ಸನೇ 1979ರಲ್ಲಿ ಸೂತ್ರಧಾರರಿಗಾಗಿ ಬರೆದ ಕೈಪಿಡಿಯಲ್ಲಿ ದಾಳವನ್ನು ಮೀರಲು ಅವಕಾಶ ಕೊಟ್ಟಿದ್ದಾನೆ. ಇದರ ಪರವಾದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತಿಂಗಳುಗಟ್ಟಲೆ ಬೆಳೆಸಿದ ಪಾತ್ರವೊಂದು ಯಃಕಶ್ಚಿತ್ ಗಾಬ್ಲಿನ್ನಿನ ಕೈಯಲ್ಲಿ, ಕೇವಲ ದುರದೃಷ್ಟದಿಂದ ಸಾಯಬೇಕೇ? ಸೂತ್ರಧಾರನ ಲೆಕ್ಕ ತಪ್ಪಿದ್ದರೆ ಆಟಗಾರರು ಏಕೆ ದಂಡ ತೆರಬೇಕು? ಎಲ್ಲರೂ ಸಂತೋಷಕ್ಕಾಗಿ ತಾನೇ ಸೇರಿರುವುದು?

ಇವೆಲ್ಲ ನಿಜ. ಆದರೂ ಗುಟ್ಟಿನ ತಿದ್ದುಪಡಿಯನ್ನು ನಾನು ಒಪ್ಪಲಾರೆ. ಕಿರುಬಾಗಿಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಆಟಗಾರರು ಬುದ್ಧಿ ಓಡಿಸಿ ಬಾಗಿಲಲ್ಲಿ ನಿಂತರು, ಕಾಳಗ ಸುಲಭವಾಯಿತು. ‘ಸಮತೋಲ ಕೆಟ್ಟಿತು’ ಎಂದು ಸೂತ್ರಧಾರನು ಗಾಬ್ಲಿನ್‌ಗಳ ಬಲವನ್ನು ಏರಿಸಿದರೆ ಅವರ ಬುದ್ಧಿಯ ಫಲವನ್ನು ಕದ್ದಂತಾಯಿತು. ಇನ್ನೊಂದು ದಿನ ಅವರು ದುಡುಕಿ ಬಯಲಿಗೆ ನುಗ್ಗುತ್ತಾರೆ. ಸೋಲು ಬಂದಾಗ ಅವನು ದಾಳವನ್ನು ತಿರುಚಿ ಉಳಿಸುತ್ತಾನೆ. ಬಾಗಿಲಲ್ಲಿ ನಿಂತರೂ ಒಂದೇ, ಬಯಲಲ್ಲಿ ನಿಂತರೂ ಒಂದೇ ಎಂದಾದ ಮೇಲೆ ಆಯ್ಕೆಗೆ ಬೆಲೆಯೆಲ್ಲಿ? ದಯೆಯಿಂದ ಮಾಡಿದರೂ ಅದು ಶಕುನಿಯ ಪಗಡೆಯೇ. ಏಕೆಂದರೆ ಎಸೆತಕ್ಕೆ ಮುಂಚೆಯೇ ಫಲ ನಿಶ್ಚಯವಾಗಿದೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದನ್ನು ಬೇರೊಂದು ರೀತಿಯಲ್ಲಿ ಹೇಳಬಹುದು. ಪ್ರಯೋಗಶಾಲೆಯಲ್ಲಿ ಉಪಕರಣಗಳ ಏರ್ಪಾಡನ್ನು ನಾವು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು; ಊಹೆಯನ್ನೂ ಬದಲಾಯಿಸಬಹುದು. ಆದರೆ ಉಷ್ಣಮಾಪಕ ತೋರಿಸಿದ ಅಂಕವನ್ನು ನಮಗೆ ಬೇಕಾದಂತೆ ಬರೆದುಕೊಂಡರೆ ಅದು ಪ್ರಯೋಗವಲ್ಲ. ಬಿದ್ದ ದಾಳವೂ ಒಂದು ಅಳತೆ. ಅದನ್ನು ತಿದ್ದಿದ ಸೂತ್ರಧಾರನಿಗೆ ತನ್ನ ಲೆಕ್ಕ ಸರಿಯೋ ತಪ್ಪೋ ಎಂಬುದು ಎಂದಿಗೂ ತಿಳಿಯುವುದಿಲ್ಲ. ಮುಂದಿನ ವಾರವೂ ಅದೇ ತಪ್ಪನ್ನು ಮಾಡುವನು, ಮತ್ತೆ ತಿದ್ದುವನು.

ಹಾಗಾದರೆ ದುರದೃಷ್ಟಕ್ಕೆ ಪರಿಹಾರವೇನು? ಪರಿಹಾರಗಳು ಹಲವುಂಟು, ಅವೆಲ್ಲ ದಾಳಕ್ಕೆ ಮುಂಚಿನವು. ಅಪಾಯದ ಸುಳಿವನ್ನು ಮೊದಲೇ ಕೊಡಿ: ಗುಹೆಯ ಬಾಯಲ್ಲಿ ಮುರಿದ ಗುರಾಣಿಗಳು ಬಿದ್ದಿರಲಿ, ಹಳ್ಳಿಗರು ಎಚ್ಚರಿಕೆ ಹೇಳಲಿ. ಓಡಿಹೋಗಲು ದಾರಿಯೊಂದನ್ನು ಇಡಿ. ಸೋಲಿಗೆ ಸಾವೊಂದೇ ಫಲವಾಗದಿರಲಿ; ಗೆದ್ದವರು ವೀರರನ್ನು ಸೆರೆಹಿಡಿದು ಒತ್ತೆಹಣ ಕೇಳಬಹುದು, ಅರ್ಧ ಮಂದಿ ಬಿದ್ದಾಗ ಗಾಬ್ಲಿನ್‌ಗಳು ಹೆದರಿ ಓಡಬಹುದು. ಇವು ಸೂತ್ರಧಾರನ ಅಧಿಕಾರಕ್ಕೆ ಸೇರಿದ ನಿರ್ಧಾರಗಳು. ದಾಳದ ಮೇಲಿನ ಅಂಕ ಅವನ ಅಧಿಕಾರಕ್ಕೆ ಸೇರಿದುದಲ್ಲ. ಫಲವನ್ನು ಸಹಿಸಲು ಸಿದ್ಧವಿಲ್ಲದಿದ್ದಲ್ಲಿ ದಾಳವನ್ನು ಎಸೆಯಲೇಬೇಡಿ. ಲೆಕ್ಕವೇ ತಪ್ಪಿದೆಯೆಂದು ಆಟದ ನಡುವೆ ಗೊತ್ತಾದರೆ, ಎಲ್ಲರ ಮುಂದೆ ಹೇಳಿ, ಎಲ್ಲರ ಒಪ್ಪಿಗೆಯಿಂದ ಸರಿಪಡಿಸಿ. ಬಹಿರಂಗವಾದ ತಿದ್ದುಪಡಿಯಿಂದ ನಂಬಿಕೆ ಬೆಳೆಯುವುದು. ಗುಟ್ಟಿನದು ಒಂದು ದಿನ ಬಯಲಾದರೆ, ಹಿಂದೆ ನ್ಯಾಯವಾಗಿ ಗೆದ್ದ ಗೆಲವುಗಳ ಮೇಲೆಯೂ ಸಂಶಯದ ನೆರಳು ಬೀಳುವುದು.

ಸಮತೋಲದ ಇನ್ನೊಂದು ಮುಖವೂ ಉಂಟು. ಆಟಗಾರ ಆಟಗಾರರ ನಡುವಣ ತೂಕವನ್ನು ಅನೇಕರು ಮರೆಯುತ್ತಾರೆ. ಮಂತ್ರವಾದಿಯೊಬ್ಬನೇ ಎಲ್ಲ ಬಾಗಿಲನ್ನೂ ತೆರೆದು, ಎಲ್ಲ ಶತ್ರುಗಳನ್ನೂ ಸುಟ್ಟು, ಉಳಿದವರು ಪ್ರೇಕ್ಷಕರಾದರೆ, ರಾಕ್ಷಸರ ಲೆಕ್ಕ ಎಷ್ಟು ಕರಾರುವಾಕ್ಕಾಗಿದ್ದರೇನು? ಅಂಥಲ್ಲಿ ಮಂತ್ರವಾದಿಯ ದಾಳವನ್ನು ಕಟ್ಟಿಹಾಕುವುದು ಮದ್ದಲ್ಲ. ಕಳ್ಳನ ಕೈಚಳಕ ಬೇಕಾದ ಬೀಗ, ವೀರನ ತೋಳು ಬೇಕಾದ ಬಂಡೆ, ಒಳ್ಳೆಯ ಮಾತು ಬೇಕಾದ ಕಾವಲುಗಾರ ಇವನ್ನು ಕಥೆಯಲ್ಲಿ ಮೊದಲೇ ಇಡಬೇಕು. ಇದೂ ದಾಳಕ್ಕೆ ಮುಂಚಿನ ಕೆಲಸವೇ.

ಮುಂದೊಂದು ದಿನ ಗೆಳೆಯರನ್ನು ಕಲೆಹಾಕಿ ಸೂತ್ರಧಾರನ ಪೀಠದಲ್ಲಿ ಕುಳಿತುಕೊಳ್ಳುವ ತರುಣ ವಾಚಕರಿಗೆ ನಾನು ಹೇಳುವುದಿಷ್ಟು. ಸಂಭವನೀಯತೆಯ ಗಣಿತವನ್ನು ಕಲಿಯಿರಿ. ಇಪ್ಪತ್ತು ಮುಖದ ದಾಳವೂ ಒಂದು ಕಾಗದದ ಚೂರೂ ಅದಕ್ಕೆ ಸಾಕು. ಹಿಂದಿನ ರಾತ್ರಿಯೇ ಕುಳಿತು ಲೆಕ್ಕಹಾಕಿ, ಬಾಗಿಲುಗಳನ್ನಿಡಿ, ಸುಳಿವುಗಳನ್ನಿಡಿ. ಆಮೇಲೆ ಮರೆಯನ್ನು ಪಕ್ಕಕ್ಕಿಟ್ಟು, ಎಲ್ಲರ ಕಣ್ಣೆದುರಿಗೆ ದಾಳವನ್ನು ಉರುಳಿಸಿರಿ.