ತಡವಾಗಿ ಎಚ್ಚರಗೊಳ್ಳುವ ಗಣಕ

ನಿನ್ನೆಯವರೆಗೆ ಒಂದು ನಿಮಿಷದಲ್ಲಿ ಸಿದ್ಧವಾಗುತ್ತಿದ್ದ ಗಣಕವು ವಿಂಡೋಸ್ ನವೀಕರಣವಾದ ಮರುದಿನ ಐದಾರು ನಿಮಿಷ ಕಾಯಿಸಿದರೆ ಯಾರಿಗೆ ತಾನೆ ಬೇಸರವಾಗದು? ಆಗ ಕೇಳಿಬರುವ ಸಲಹೆಗಳು ಎರಡು. ‘ಯಂತ್ರ ಹಳೆಯದಾಯಿತು, ಹೊಸದನ್ನು ಕೊಳ್ಳಿ’ ಎಂಬುದೊಂದು. ‘ಇನ್ನು ನವೀಕರಣವನ್ನೇ ನಿಲ್ಲಿಸಿಬಿಡಿ’ ಎಂಬುದು ಇನ್ನೊಂದು. ಕಾರಣವನ್ನು ಅರಸದೆ ಕೊಡುವ ಈ ಸಲಹೆಗಳೆರಡನ್ನೂ ನಾವು ಒಪ್ಪಲಾರೆವು. ಮೊದಲನೆಯದರಿಂದ ಹಣ ಹಾಳು. ಎರಡನೆಯದು ಅದಕ್ಕಿಂತಲೂ ಅಪಾಯಕರವಾದುದು.

2017ರ ಮೇ 12ರಂದು ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಹಲವು ದೇಶಗಳಿಗೆ ಹರಡಿ, ಗಣಕಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ನಿಗದಿಯಾಗಿದ್ದ ಶಸ್ತ್ರಚಿಕಿತ್ಸೆಗಳೂ ರದ್ದಾದವು. ಅದು ನುಗ್ಗಿದ ಕಂಡಿಯನ್ನು ಮುಚ್ಚುವ ನವೀಕರಣವನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಆ ವರ್ಷದ ಮಾರ್ಚ್ ತಿಂಗಳಿನಲ್ಲಿಯೇ ಹೊರಡಿಸಿದ್ದಿತು! ತಡವಾಗುವುದೆಂದು ನವೀಕರಣವನ್ನು ನಿಲ್ಲಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಹಾಗಾದರೆ ತಡವಾಗುವುದೇಕೆ? ನವೀಕರಣದ ಕೆಲಸ ಒಮ್ಮೆಲೇ ಮುಗಿಯುವುದಿಲ್ಲ. ಉಳಿದ ಭಾಗವನ್ನು ಗಣಕವು ಮುಂದಿನ ಆರಂಭದಲ್ಲಿ ಪೂರೈಸುತ್ತದೆ. ಆ ಬಳಿಕವೂ ಕಡತಗಳ ಸೂಚಿಯನ್ನು ಹೊಸದಾಗಿ ಬರೆಯುವಂತಹ ಕೆಲಸಗಳು ತೆರೆಯ ಮರೆಯಲ್ಲಿ ನಡೆದಿರಬಹುದು. ಹಾರ್ಡ್ ಡಿಸ್ಕ್ ಇರುವ ಗಣಕಕ್ಕೆ ಇದು ದೊಡ್ಡ ಹೊರೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಚದರಿದ ಮಾಹಿತಿಯನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಮಾತ್ರ ಹೆಕ್ಕಬಲ್ಲುದು. ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿಯಾದರೋ ಸಾವಿರಾರು ಬಾರಿ ಹೆಕ್ಕುತ್ತದೆ.

ಆದುದರಿಂದ ಮೊದಲು ಗಣಕವನ್ನು ಒಂದೆರಡು ಗಂಟೆ ತನ್ನ ಪಾಡಿಗೆ ನಡೆಯಗೊಡಬೇಕು. ಅನಂತರ ‘ರೀಸ್ಟಾರ್ಟ್’ ಮಾಡಬೇಕು. 2012ರ ವಿಂಡೋಸ್ 8ರಿಂದ ಈಚೆಗೆ, ‘ಫಾಸ್ಟ್ ಸ್ಟಾರ್ಟಪ್’ ಚಾಲನೆಯಲ್ಲಿದ್ದರೆ, ‘ಶಟ್ ಡೌನ್’ ಮಾಡಿದರೂ ವ್ಯವಸ್ಥೆಯ ತಿರುಳು ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮರುದಿನ ಅದನ್ನೇ ಓದಿಕೊಳ್ಳುತ್ತದೆ. ಹೊಚ್ಚ ಹೊಸದಾಗಿ ಆರಂಭವಾಗುವುದು ‘ರೀಸ್ಟಾರ್ಟ್’ನಿಂದಲೇ.

ಆಗಲೂ ತಡವಾದರೆ ‘ಟಾಸ್ಕ್ ಮ್ಯಾನೇಜರ್’ ತೆರೆದು, ಗಣಕದೊಡನೆ ತಾವೂ ಏಳುವ ತಂತ್ರಾಂಶಗಳ ಪಟ್ಟಿಯನ್ನು ನೋಡಿ, ಬೇಡವಾದುವನ್ನು ತಡೆಯಬೇಕು. ಅಲ್ಲಿಯೇ ‘ಲಾಸ್ಟ್ ಬಯೋಸ್ ಟೈಮ್’ ಎಂಬ ಅಂಕಿಯೂ ಸಾಮಾನ್ಯವಾಗಿ ಕಾಣುತ್ತದೆ. ವಿಂಡೋಸ್ ಏಳುವುದಕ್ಕೆ ಮೊದಲೇ ಕಳೆದ ಕಾಲವದು. ಅದೇ ದೊಡ್ಡದಾಗಿದ್ದರೆ ವಿಂಡೋಸನ್ನು ದೂರಿ ಫಲವಿಲ್ಲ. ಹಾರ್ಡ್ ಡಿಸ್ಕೇ ಕಾರಣವೆಂದು ಕಂಡರೆ ಎಸ್‌ಎಸ್‌ಡಿಯೊಂದನ್ನು ಹಾಕಿಸಿದರಾಯಿತು; ಇಡೀ ಗಣಕವನ್ನು ಎಸೆಯಬೇಕಾಗಿಲ್ಲ.

ಇಷ್ಟನ್ನೂ ಬಳಕೆದಾರನೇ ಹುಡುಕಬೇಕೆ ಎಂಬುದು ನಮ್ಮ ಪ್ರಶ್ನೆ. ಲಿನಕ್ಸಿನ ಬಹುಪಾಲು ಆವೃತ್ತಿಗಳಲ್ಲಿ ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’ ಎಂಬ ಒಂದು ಆಜ್ಞೆಯು ಆರಂಭದಲ್ಲಿ ಯಾವ ಸೇವೆಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಪಟ್ಟಿ ಮಾಡುತ್ತದೆ. ಅಂತಹ ಲೆಕ್ಕವು ಪ್ರತಿಯೊಂದು ಗಣಕದ ತೆರೆಯ ಮೇಲೆ, ಜನಸಾಮಾನ್ಯರಿಗೆ ತಿಳಿಯುವ ನುಡಿಯಲ್ಲಿ, ಕೇಳದೆಯೇ ಮೂಡಬೇಕು. ನಮ್ಮ ಸಮಯವನ್ನು ತೆಗೆದುಕೊಳ್ಳುವವರು ಅದರ ಲೆಕ್ಕವನ್ನೂ ಒಪ್ಪಿಸುವುದು ನ್ಯಾಯವಲ್ಲವೆ?