ಜಗುಲಿಯ ಮಾತು: ಅಂತೆ-ಕಂತೆಗಳ ಸಂತೆ

ಈ ಸಲದ ಯುಗಾದಿ ಕೂಟದಲ್ಲಿ ನಾವು ಬೇವು-ಬೆಲ್ಲ ಹಂಚಿ ಮುಗಿಸಿ ಎಲೆ ಹಾಕುವ ಹೊತ್ತಿಗೆ ಸರಿಯಾಗಿ ವಿಜಯವಾಡದ ಬಳಗದವರು ರತ್ನಾಚಲ್ ಎಕ್ಸ್‌ಪ್ರೆಸ್ಸಿನಿಂದ ಇಳಿದು ವಿಶಾಖಪಟ್ಟಣದ ನಮ್ಮ ಪಂಕ್ತಿಯನ್ನು ಸೇರಿಕೊಂಡರು. ಅವರಲ್ಲಿ ಎರಡು ಕುಟುಂಬಗಳುಂಟು. ಒಂದು ಮೈಸೂರು ಕಡೆಯದು, ಇನ್ನೊಂದು ಧಾರವಾಡದ ಕಡೆಯದು. ಇಪ್ಪತ್ತು ವರ್ಷಗಳಿಂದ ಅಕ್ಕಪಕ್ಕದ ಮನೆ. ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮನೆಗೆ ಕೇಳುವಷ್ಟು ಹತ್ತಿರ. ಪ್ರತಿ ವರ್ಷ ಒಂದೇ ಸಾಲಿನಲ್ಲಿ ಕುಳಿತು ಹೋಳಿಗೆ ಉಣ್ಣುತ್ತಿದ್ದ ಈ ಎರಡು ಮನೆಯವರು ಈ ಸಲ ಪಂಕ್ತಿಯ ಎರಡು ತುದಿಗಳಲ್ಲಿ ಕುಳಿತುದನ್ನು ಕಂಡು ನಮಗೆ ಕಸಿವಿಸಿಯಾಯಿತು. ಆಸ್ತಿಯ ವ್ಯಾಜ್ಯವೇ? ಅಲ್ಲ. ಕೊಟ್ಟ ಸಾಲದ ಮಾತೇ? ಅದೂ ಅಲ್ಲ. ಮೆಲ್ಲನೆ ವಿಚಾರಿಸಲಾಗಿ ತಿಳಿದುದೇನೆಂದರೆ, ಈ ಜಗಳಕ್ಕೆಲ್ಲ ಕಾರಣ ಕೃಷ್ಣಾ ನದಿಯಲ್ಲಿ ತೇಲಿಬಂದ ಕೆಲವು ದೋಣಿಗಳು!

ವಾಚಕರು ನಗಬಾರದು. ವಿಜಯವಾಡದವರಿಗೆ ಇದು ನಗುವ ಮಾತಲ್ಲ. 2024ರ ಆಗಸ್ಟ್ ಕೊನೆಯಲ್ಲಿ ಹಿಡಿದ ಮಳೆಗೆ ಬುಡಮೇರು ಹಳ್ಳದ ಏರಿ ಒಡೆದು, ಸಿಂಗ್‌ನಗರ ಮೊದಲಾದ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಅದೇ ವೇಳೆಗೆ ಕೃಷ್ಣೆಯೂ ಉಕ್ಕಿದಳು. ಪ್ರಕಾಶಂ ಬ್ಯಾರೇಜಿನ 70 ಬಾಗಿಲುಗಳಲ್ಲಿ ಸೆಕೆಂಡಿಗೆ 11 ಲಕ್ಷ ಘನ ಅಡಿಗೂ ಮಿಕ್ಕಿ ನೀರು ಹರಿಯಿತು. 1957ರಲ್ಲಿ ಬ್ಯಾರೇಜು ತೆರೆದಂದಿನಿಂದ ಅಷ್ಟು ನೀರು ಅದು ಕಂಡಿರಲಿಲ್ಲ. ಆ ಸೆಳವಿನಲ್ಲಿ ಮೇಲುಗಡೆಯಿಂದ ಕೊಚ್ಚಿಬಂದ ಭಾರಿ ದೋಣಿಗಳು ಬ್ಯಾರೇಜಿಗೆ ಅಪ್ಪಳಿಸಿ, ಬಾಗಿಲುಗಳಿಗೆ ಸಮತೂಕ ಕೊಡುವ ಕಾಂಕ್ರೀಟ್ ದಿಮ್ಮಿಗಳನ್ನು ಮುರಿದವು.

ನೀರು ಇಳಿಯುವ ಮೊದಲೇ ಮಾತು ಏರಿತು. ದೋಣಿಗಳು ತಾವಾಗಿ ಬರಲಿಲ್ಲ, ಬ್ಯಾರೇಜು ಮುರಿಯಲೆಂದು ವಿರೋಧ ಪಕ್ಷದವರು ಹೂಡಿದ ಒಳಸಂಚು ಇದು ಎಂದು ಆಳುವ ತೆಲುಗು ದೇಶಂ ಪಕ್ಷದವರು ಆಪಾದಿಸಿದರು. ಉಂಡವಲ್ಲಿಯ ನದೀತೀರದಲ್ಲಿರುವ ಮುಖ್ಯಮಂತ್ರಿಗಳ ಮನೆಯನ್ನು ಉಳಿಸಲೆಂದೇ ಊರನ್ನು ಮುಳುಗಿಸಲಾಯಿತು ಎಂದು ವೈ.ಎಸ್.ಆರ್. ಕಾಂಗ್ರೆಸ್ಸಿನವರು ಆಪಾದಿಸಿದರು. ನಮ್ಮ ಮೈಸೂರಿನವರು ಮೊದಲನೆಯದನ್ನು ನಂಬಿದರು, ಧಾರವಾಡದವರು ಎರಡನೆಯದನ್ನು. ಮಾತಿಗೆ ಮಾತು ಬೆಳೆದು, ಮಗಳ ನಾಮಕರಣಕ್ಕೆ ಕರೆಯುವುದೂ ನಿಂತಿತು.

ನಮಗೆ ನೆನಪಾದದ್ದು 2019ರ ಆಗಸ್ಟ್. ಆಗಲೂ ಕೃಷ್ಣೆಗೆ ನೆರೆ ಬಂದಿತ್ತು. ಆಗ ಅಧಿಕಾರದಲ್ಲಿದ್ದದ್ದು ವೈ.ಎಸ್.ಆರ್. ಕಾಂಗ್ರೆಸ್, ವಿರೋಧದಲ್ಲಿದ್ದದ್ದು ತೆಲುಗು ದೇಶಂ. ಅದೇ ಉಂಡವಲ್ಲಿಯ ಮನೆಯನ್ನು ಬೇಕೆಂದೇ ಮುಳುಗಿಸಲು ನೀರನ್ನು ತಡೆಹಿಡಿದು ಬಿಟ್ಟರೆಂಬುದು ಆಗಿನ ಆಪಾದನೆ. ಅಂದರೆ ನದಿ ಅದೇ, ಮನೆ ಅದೇ, ಕಥೆಯೂ ಹೆಚ್ಚುಕಡಮೆ ಅದೇ. ವೇಷ ಹಾಕಿದವರು ಮಾತ್ರ ಅದಲುಬದಲು. ಪಾತ್ರಧಾರಿಗಳನ್ನು ಬದಲಿಸಿದರೂ ನಡೆಯುವ ಕಥೆಯಿಂದ ನೆರೆಯ ವಿಷಯ ನಮಗೆ ಏನೂ ತಿಳಿಯುವುದಿಲ್ಲ. ನಾವು ಯಾರನ್ನು ಮೊದಲೇ ನಂಬುತ್ತಿರಲಿಲ್ಲ ಎಂಬುದಷ್ಟೇ ತಿಳಿಯುತ್ತದೆ.

ಈ ಗದ್ದಲದ ನಡುವೆ ಒಬ್ಬ ಹಿರಿಯ ಎಂಜಿನಿಯರು ಬ್ಯಾರೇಜಿನ ಮೇಲೆ ನಿಂತು ಮುರಿದ ದಿಮ್ಮಿಗಳನ್ನು ಬದಲಿಸುವ ಕೆಲಸ ನಡೆಸುತ್ತಿದ್ದರು. ಅವರೇ ಕನ್ನಯ್ಯ ನಾಯ್ಡು ಅವರು. ಕನ್ನಡಿಗರಿಗೆ ಅವರು ಹೊಸಬರಲ್ಲ. ಅದೇ 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲಿನ ಸರಪಳಿ ತುಂಡಾಗಿ ಬಾಗಿಲೇ ಕೊಚ್ಚಿಹೋದಾಗ, ಒಂದು ವಾರದೊಳಗೆ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸುವ ಕೆಲಸದ ಮುಂದಾಳಾಗಿದ್ದವರು ಅವರೇ. ಅಲ್ಲಿಯೂ ರಾಜಕಾರಣಿಗಳು ಒಬ್ಬರನ್ನೊಬ್ಬರು ದೂರುತ್ತಿದ್ದರು. ಇವರು ಸರಪಳಿಯ ಕೊಂಡಿಯನ್ನು ನೋಡುತ್ತಿದ್ದರು. ಎರಡು ಊರುಗಳ ಬಾಗಿಲುಗಳೂ ಸರಿಹೋದದ್ದು ಕೊಂಡಿಯನ್ನು ನೋಡಿದವರಿಂದ.

ಹಾಗಾದರೆ ಸಂಶಯಪಡುವುದೇ ತಪ್ಪೇ? ಖಂಡಿತ ಅಲ್ಲ. ಪ್ರಪಂಚದಲ್ಲಿ ಪಿತೂರಿಗಳು ನಡೆದೇ ಇಲ್ಲವೆಂದು ಯಾರೂ ಹೇಳಲಾರರು. ಅಮೆರಿಕದ ವಾಟರ್‌ಗೇಟ್ ಪಿತೂರಿಯೇ ಅಲ್ಲವೇ? ಆದರೆ ಅದು ಪಿತೂರಿಯೆಂದು ಸ್ಥಿರವಾದದ್ದು ಸಾಕ್ಷಿ, ಕಾಗದ, ಧ್ವನಿಸುರುಳಿಗಳಿಂದ; ಅದರ ಫಲವಾಗಿ 1974ರಲ್ಲಿ ಅಧ್ಯಕ್ಷ ನಿಕ್ಸನ್ ಗಾದಿ ಬಿಡಬೇಕಾಯಿತು. ನಮ್ಮ ವಿಶಾಖಪಟ್ಟಣವನ್ನೇ ನೋಡಿ. 2020ರ ಮೇ 7ರ ಬೆಳಗಿನ ಜಾವ ಎಲ್.ಜಿ. ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಅನಿಲ ಸೋರಿ 12 ಮಂದಿ ಪ್ರಾಣ ಬಿಟ್ಟರು. ಅಂದು ರಾತ್ರಿಯೇ ಮತ್ತೊಮ್ಮೆ ಸೋರಿತೆಂಬ ಸುದ್ದಿ ಹಬ್ಬಿ, ಜನ ಮಕ್ಕಳುಮರಿಗಳನ್ನು ಕಟ್ಟಿಕೊಂಡು ರಸ್ತೆಗೆ ಬಿದ್ದರು. ಎರಡು ತಿಂಗಳ ಮೇಲೆ ಸರಕಾರದ ಸಮಿತಿಯ ವರದಿ ಬಂದಾಗ ಕಂಡದ್ದು ಯಾವ ನಿಗೂಢ ಶತ್ರುವೂ ಅಲ್ಲ. ತೊಟ್ಟಿಯ ಉಷ್ಣತೆ ಏರಿದ್ದನ್ನು ಗಮನಿಸಲಿಲ್ಲ, ತಡೆಯುವ ರಾಸಾಯನಿಕ ಸಾಕಷ್ಟು ಇರಲಿಲ್ಲ, ಅಪಾಯದ ಸೈರನ್ನು ಕೂಗಿಸಲಿಲ್ಲ. ಬರಿಯ ಅಲಕ್ಷ್ಯ. ಕಾಣದ ಕೈಯನ್ನು ಹುಡುಕುತ್ತ ಹೊರಟಿದ್ದರೆ, ಕಣ್ಣೆದುರಿಗೆ ಕೆಲಸ ಮಾಡದೆ ಕುಳಿತ ಕೈ ತಪ್ಪಿಸಿಕೊಳ್ಳುತ್ತಿತ್ತು.

ಆದರೂ ಮನಸ್ಸು ಕಾಣದ ಕೈಯನ್ನೇ ಏಕೆ ಬಯಸುತ್ತದೆ? ದೊಡ್ಡ ದುಃಖಕ್ಕೆ ಸಣ್ಣ ಕಾರಣ ಸಾಕೆನಿಸದು. ಊರು ಮುಳುಗಿದ್ದು ಏರಿ ಒಡೆದುದರಿಂದ ಎಂದರೆ ಸಮಾಧಾನವಿಲ್ಲ. ಯಾರೋ ಮುಳುಗಿಸಿದರು ಎಂದರೆ ಸಿಟ್ಟಿಗಾದರೂ ಒಂದು ವಿಳಾಸ ಸಿಗುತ್ತದೆ. ಮೇಲಾಗಿ, ಎಲ್ಲರಿಗೂ ತಿಳಿಯದ ಗುಟ್ಟು ತನಗೊಬ್ಬನಿಗೆ ತಿಳಿದಿದೆ ಎಂಬ ಸುಖ ಸಾಮಾನ್ಯವಾದುದಲ್ಲ. ಕೆಲವೊಮ್ಮೆ ದ್ವೇಷವಲ್ಲ, ಪ್ರೀತಿಯೇ ಇದಕ್ಕೆ ಮೂಲ. ನೇತಾಜಿ ಸುಭಾಷಚಂದ್ರ ಬೋಸರು 1945ರ ಆಗಸ್ಟ್ 18ರಂದು ತೈಪೆಯ ವಿಮಾನ ಅಪಘಾತದಲ್ಲಿ ತೀರಿಕೊಂಡರೆಂದು 1956ರ ಶಾ ನವಾಜ್ ಸಮಿತಿ ಹೇಳಿತು, 1974ರಲ್ಲಿ ಖೋಸ್ಲಾ ಆಯೋಗವೂ ಅದನ್ನೇ ಹೇಳಿತು. ಮೂರನೆಯದಾದ ಮುಖರ್ಜಿ ಆಯೋಗ ಬೇರೆ ಅಭಿಪ್ರಾಯ ಕೊಟ್ಟಿತು, ಸರಕಾರ 2006ರಲ್ಲಿ ಅದನ್ನು ಒಪ್ಪಲಿಲ್ಲ. ಅಂಥ ವೀರ ಒಂದು ವಿಮಾನದ ಕೆಟ್ಟ ಗಳಿಗೆಯಲ್ಲಿ ಮುಗಿದನೆಂದು ಒಪ್ಪಲು ಜನರ ಅಂತಃಕರಣಕ್ಕೇ ಇಷ್ಟವಿರಲಿಲ್ಲ.

ಪ್ರೀತಿಯ ಕಥೆಯಿಂದ ಯಾರೂ ಸಾಯಲಿಕ್ಕಿಲ್ಲ. ದ್ವೇಷದ ಕಥೆಯ ಮಾತು ಬೇರೆ. ಯೆಹೂದ್ಯ ಹಿರಿಯರು ಗುಟ್ಟಾಗಿ ಸೇರಿ ಜಗತ್ತನ್ನು ಆಳಲು ಹಂಚಿಕೆ ಹಾಕಿದರೆಂದು ಹೇಳುವ ಒಂದು ಪುಸ್ತಕ 1903ರಲ್ಲಿ ರಷ್ಯಾದಲ್ಲಿ ಅಚ್ಚಾಯಿತು. 1921ರಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆ ಅದು ಶುದ್ಧ ಕೃತ್ರಿಮವೆಂದು ಎತ್ತಿ ತೋರಿಸಿತು. 1864ರ ಒಂದು ಫ್ರೆಂಚ್ ವಿಡಂಬನೆಯಿಂದ ಪುಟಗಟ್ಟಲೆ ಕದ್ದ ಬರಹ ಅದು. ಮೂಲದಲ್ಲಿ ಯೆಹೂದ್ಯರ ಸುದ್ದಿಯೇ ಇರಲಿಲ್ಲ. ಸುಳ್ಳೆಂದು ತೋರಿದ ಮೇಲೂ ಹಿಟ್ಲರನ ಕಡೆಯವರು ಅದನ್ನು ಹಂಚಿದರು. ಮುಂದೆ ಆ ಜನಾಂಗಕ್ಕೆ ಏನಾಯಿತೆಂಬುದನ್ನು ನಾವು ಹೇಳಬೇಕಾಗಿಲ್ಲ. ಮತದ ಹೆಸರು ಹೊತ್ತ ಒಳಸಂಚಿನ ಕಥೆ ಒಬ್ಬ ತಪ್ಪಿತಸ್ಥನನ್ನು ಹುಡುಕುವುದಿಲ್ಲ, ಇಡೀ ಜನಾಂಗವನ್ನೇ ಹಿಡಿದು ನಿಲ್ಲಿಸುತ್ತದೆ.

ಅದು ದೂರದ ಯೂರೋಪು, ನಮ್ಮಲ್ಲಿ ಹಾಗಿಲ್ಲ ಎನ್ನುವಿರಾ? 2018ರ ಜುಲೈ 13ರಂದು ಹೈದರಾಬಾದಿನಿಂದ ನಾಲ್ವರು ಗೆಳೆಯರು ಕಾರಿನಲ್ಲಿ ನಮ್ಮ ಬೀದರ ಜಿಲ್ಲೆಗೆ ಬಂದಿದ್ದರು. ಅವರಲ್ಲೊಬ್ಬರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರ ತಂಡ ಇಳಿದಿದೆಯೆಂಬ ಗುಲ್ಲು ಆ ವೇಳೆಗೆ ಊರೂರು ಸುತ್ತಿತ್ತು. ಕಾರು ಮುರ್ಕಿ ಗ್ರಾಮ ತಲಪುವ ಮೊದಲೇ ವಾಟ್ಸಾಪ್ ಸಂದೇಶ ತಲಪಿತ್ತು. ಜನ ದಾರಿಗೆ ಅಡ್ಡಹಾಕಿ ಬಡಿದರು. ಒಬ್ಬ ಎಂಜಿನಿಯರ್ ತರುಣ ಸತ್ತುಹೋದ. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನಿಗೂ ಇದೇ ಗತಿಯಾಗಿತ್ತು. ಅದಕ್ಕೂ ಮೊದಲು, 2012ರ ಆಗಸ್ಟ್‌ನಲ್ಲಿ, ಈಶಾನ್ಯದವರ ಮೇಲೆ ಹಲ್ಲೆಯಾಗುವುದಂತೆ ಎಂಬ ಸಂದೇಶಗಳಿಗೆ ಹೆದರಿ ಸಾವಿರಾರು ಮಂದಿ ಬೆಂಗಳೂರು ಬಿಟ್ಟು ವಿಶೇಷ ರೈಲುಗಳಲ್ಲಿ ಗುವಾಹಟಿಗೆ ಹೊರಟರು.

ಈ ಮೂರು ಕಡೆಯೂ ಬೆಲೆ ತೆತ್ತವರು ಯಾರು? ಹೊರಗಿನವರು. ಬೇರೆ ಮುಖದವರು, ಬೇರೆ ಮಾತಿನವರು, ಹೊಟ್ಟೆಪಾಡಿಗೆ ಬಂದವರು. ಇಲ್ಲಿ ಕುಳಿತು ಇದನ್ನು ಓದುತ್ತಿರುವ ನಾವು ನೀವು ಯಾರು? ತೆಲುಗು ನಾಡು ನಮ್ಮನ್ನು ಮನೆಮಕ್ಕಳಂತೆ ಕಂಡಿದೆ, ಸಂದೇಹವಿಲ್ಲ. ಆದರೂ ಹೊರಗಿನಿಂದ ಬಂದು ನೆಲೆಸಿದವರಿಗೆ ಗಾಳಿಸುದ್ದಿಯೆಂಬುದು ಆಟದ ವಸ್ತುವಲ್ಲ. ಇಂದು ನಾವು ಇನ್ನೊಬ್ಬರ ಮೇಲೆ ತೇಲಿಬಿಟ್ಟ ಮಾತು ನಾಳೆ ತಿರುಗಿ ಯಾರ ಬಾಗಿಲು ತಟ್ಟೀತೆಂದು ಹೇಳಲಾಗದು.

ಇನ್ನು ನಮ್ಮ ಪಂಕ್ತಿಗೆ ಬರೋಣ. ಊಟದ ಮಧ್ಯೆ ಮತ್ತೆ ದೋಣಿಯ ಮಾತು ಎದ್ದಿತು. ಧಾರವಾಡದವರು ದನಿ ಏರಿಸುತ್ತಿದ್ದಂತೆ, ಪಕ್ಕದಲ್ಲೇ ಕುಳಿತಿದ್ದ ಅವರ ತಾಯಿ ಕೇಳಿದರು:

"ನೀ ಕಣ್ಣಿಲೆ ನೋಡೀಯೇನಪಾ?"

"ಇಲ್ಲವ್ವಾ, ಎಲ್ಲಾರೂ ಅಂತಾರ."

"ಎಲ್ಲಾರೂ ಅಂದ್ರ ಯಾರು? ಒಬ್ಬರ ಹೆಸರು ಹೇಳು ನೋಡೂಣು."

ಮಗ ಸಾರಿಗೆ ಕೈಚಾಚಿದರು. ಆ ತುದಿಯಲ್ಲಿ ನಗೆ ಕೇಳಿಸಿತು. ಅಜ್ಜಿ ಅತ್ತ ತಿರುಗಿ, "ನಗಬ್ಯಾಡ್ರೀ, ನಿಮಗೂ ಅದನ್ನ ಕೇಳಾಕಿ ನಾನು" ಎಂದರು.

ಆ ಅಜ್ಜಿಯ ಪ್ರಶ್ನೆಗೆ ಬೇಕಾದ ಸಾಧನವನ್ನು ನಮ್ಮ ಹಿರಿಯರು ಭಾಷೆಯಲ್ಲೇ ಇಟ್ಟುಹೋಗಿದ್ದಾರೆ. 'ಬಂದನು' ಎಂದರೆ ನಾವೇ ಹೊಣೆ. 'ಬಂದನಂತೆ' ಎಂದರೆ ಕೇಳಿದ ಮಾತು. ಧಾರವಾಡದ ಕಡೆ ಅದೇ 'ಬಂದಾನಂತ'. ತೆಲುಗಿನವರೂ 'ವಚ್ಚಾಡಟ' ಎಂದು ಅದೇ ಎಚ್ಚರಿಕೆ ವಹಿಸುತ್ತಾರೆ. ಒಂದು ಪುಟ್ಟ 'ಅಂತೆ', ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವೆ ಹಾಕಿದ ಗಡಿಕಲ್ಲು. ಗಾಳಿಸುದ್ದಿ ಬೆಳೆಯುವ ಬಗೆಯನ್ನು ಗಮನಿಸಿ: ಮೊದಲನೆಯವನು 'ದೋಣಿ ಬಿಟ್ಟರಂತೆ' ಎನ್ನುತ್ತಾನೆ, ಮೂರನೆಯವನು 'ದೋಣಿ ಬಿಟ್ಟರು' ಎನ್ನುತ್ತಾನೆ, ಐದನೆಯವನು 'ಬಿಟ್ಟವರು ನನಗೆ ಗೊತ್ತು' ಎನ್ನುತ್ತಾನೆ. ದಾರಿಯಲ್ಲಿ ಕಳೆದುಹೋದದ್ದು ಆ 'ಅಂತೆ' ಒಂದೇ. ಕೈಯಲ್ಲಿ ಹಿಡಿದ ಫೋನಿಗಂತೂ 'ಅಂತೆ' ಎಂಬುದೇ ಗೊತ್ತಿಲ್ಲ. ಬೆರಳು ಒತ್ತಿದರೆ ಕೇಳಿದ ಮಾತೂ ಕಂಡ ಮಾತಿನಂತೆಯೇ ನೂರು ಮನೆಗೆ ಹೋಗುತ್ತದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಗಾದೆ. ಕಾಣದೆ ಇದ್ದದ್ದನ್ನು ಎಷ್ಟು ಪ್ರಮಾಣಿಸಬೇಕು! ಆದುದರಿಂದ ಬಳಗದವರಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ. ಸಂದೇಶ ಮುಂದೆ ಕಳಿಸುವ ಮುನ್ನ ಅಜ್ಜಿಯಂತೆ ಕೇಳಿ: ಕಂಡವರು ಯಾರು? ಹೆಸರು ಏನು? ಇದು ಸುಳ್ಳಾದರೆ ಪೆಟ್ಟು ತಿನ್ನುವವರು ಯಾರು? ಉತ್ತರ ಸಿಗದಿದ್ದರೆ ಆ ಮಾತು ನಿಮ್ಮಲ್ಲಿಯೇ ನಿಲ್ಲಲಿ. ಹೇಳಲೇಬೇಕಾದರೆ 'ಅಂತೆ' ಸೇರಿಸಿ ಹೇಳಿ. ಮಕ್ಕಳಿಗೂ ಕಲಿಸಿ, ಕನ್ನಡ ಕಲಿಸಿದಂತೆಯೂ ಆಗುತ್ತದೆ.

ಎರಡು ಮನೆಗಳ ಜಗಳ ತೀರಿತೇ ಎಂದು ಕೇಳುವಿರಿ. ದೋಣಿಯ ವಿಷಯದಲ್ಲಿ ಇಬ್ಬರೂ ಇನ್ನೂ ಒಪ್ಪಿಲ್ಲ. ಆದರೆ ಸಂಜೆ ಹಿಂದಿರುಗುವ ಗಾಡಿಗೆ ನಾವು ಅವರನ್ನು ಬೀಳ್ಕೊಡಲು ಹೋದಾಗ, ಅಜ್ಜಿಯ ಕೈಚೀಲ ಮೈಸೂರಿನವರ ಹೆಗಲ ಮೇಲಿತ್ತು. ಇದು ಮಾತ್ರ 'ಅಂತೆ'ಯಲ್ಲ, ನಾವೇ ಕಂಡದ್ದು.