ಗುರುವನ್ನು ಅಳೆಯುವ ಕೋಲು

ಗುರುವಿನಲ್ಲಿ ದೋಷ ಕಂಡಾಗ ಭಕ್ತನಿಗೆ ಎರಡು ಬಗೆಯ ಉಪದೇಶ ದೊರೆಯುತ್ತದೆ. ಗುರುವಿನ ದೋಷವನ್ನು ಎಣಿಸುವುದೇ ಪಾಪ, ಸುಮ್ಮನಿರು ಎಂಬುದು ಒಂದು. ಗುರುವೇ ಹುಸಿಯಾದ ಮೇಲೆ ಬೋಧೆಯೂ ಹುಸಿ, ಎಲ್ಲವನ್ನೂ ತೊರೆ ಎಂಬುದು ಇನ್ನೊಂದು. ಎರಡೂ ತಪ್ಪು. ವ್ಯಕ್ತಿಯನ್ನೇ ತತ್ತ್ವವೆಂದು ಭ್ರಮಿಸುವುದೇ ಎರಡಕ್ಕೂ ಮೂಲ.

ಕ್ರೈಸ್ತ ಲೋಕದ ಒಂದು ನಿದರ್ಶನವನ್ನು ಇಲ್ಲಿ ನೋಡಬಹುದು. 1964ರಲ್ಲಿ ಜ್ಯಾನ್ ವಾನಿಯೇ ಎಂಬವರು ಫ್ರಾನ್ಸಿನ ತ್ರೋಸ್ಲಿ-ಬ್ರೂಯಿ ಗ್ರಾಮದಲ್ಲಿ ಬೌದ್ಧಿಕ ನ್ಯೂನತೆಯುಳ್ಳ ಇಬ್ಬರೊಡನೆ ಒಂದೇ ಸೂರಿನಡಿ ಬಾಳತೊಡಗಿದರು. ದುರ್ಬಲರು ಕೇವಲ ದಯೆಗೆ ಪಾತ್ರರಲ್ಲ, ಬಲ್ಲಿದರಿಗೆ ಬಾಳನ್ನು ಕಲಿಸುವವರು ಎಂಬುದು ಅವರ ಬೋಧೆ. ಅದರಿಂದ 'ಲಾರ್ಶ್' ಎಂಬ ಸಂಸ್ಥೆ ಹಲವು ದೇಶಗಳಿಗೆ ಹಬ್ಬಿತು. 1970ರಲ್ಲಿ ಬೆಂಗಳೂರಿನಲ್ಲಿಯೂ ಅದರ 'ಆಶಾ ನಿಕೇತನ' ಆರಂಭವಾಯಿತು. ಬದುಕಿದ್ದಾಗಲೇ ಜನ ವಾನಿಯೇ ಅವರನ್ನು ಸಂತರೆಂದರು. 2019ರಲ್ಲಿ ಅವರು ತೀರಿಕೊಂಡರು.

2020ರಲ್ಲಿ ಲಾರ್ಶ್ ಸಂಸ್ಥೆಯೇ ಮಾಡಿಸಿದ ವಿಚಾರಣೆಯ ವರದಿ ಹೊರಬಂದಿತು. ಆಧ್ಯಾತ್ಮಿಕ ಮಾರ್ಗದರ್ಶನವನ್ನು ಅರಸಿ ಬಂದ ಆರು ಮಹಿಳೆಯರನ್ನು ಅವರು ಲೈಂಗಿಕವಾಗಿ ದುರುಪಯೋಗಪಡಿಸಿಕೊಂಡಿದ್ದರು. 2023ರ ವರದಿ ಅಂಥವರ ಸಂಖ್ಯೆ ಕನಿಷ್ಠ 25 ಎಂದಿತು. ಸಂಸ್ಥೆ ಇದನ್ನು ಮುಚ್ಚಿಡಲಿಲ್ಲ. ತನ್ನ ಮನೆಗಳನ್ನೂ ಮುಚ್ಚಲಿಲ್ಲ.

ಸುಮ್ಮನಿರು ಎನ್ನುವವರು ಇದಕ್ಕೆ ಉತ್ತರಿಸಲಿ: ಅವರ ಮೌನ ಯಾರನ್ನು ಕಾಯುತ್ತದೆ? ನೊಂದವರನ್ನಂತೂ ಅಲ್ಲ. ಸಂಸ್ಥೆಯ ಮಾನ ಉಳಿಸುವ ನೆಪದಲ್ಲಿ ನೊಂದ ಹೆಣ್ಣಿನ ಬಾಯಿ ಕಟ್ಟುವುದು ಗುರುಭಕ್ತಿಯಲ್ಲ, ಗುರುದ್ರೋಹ.

ಎಲ್ಲವನ್ನೂ ತೊರೆ ಎನ್ನುವವರೂ ಉತ್ತರಿಸಲಿ: ವಾನಿಯೇ ತಪ್ಪಿತಸ್ಥರೆಂದು ತಿಳಿದದ್ದು ಯಾವ ಕೋಲಿನಿಂದ ಅಳೆದಾಗ? ನಂಬಿ ಬಂದ ದುರ್ಬಲರನ್ನು ಗೌರವಿಸಬೇಕು ಎಂದು ಅವರೇ ಬೋಧಿಸಿದ್ದರು. ಬೋಧಿಸಿದವರನ್ನು ಆ ಬೋಧೆಯೇ ತಪ್ಪಿತಸ್ಥರನ್ನಾಗಿ ನಿಲ್ಲಿಸಿತು. ಅಳತೆಗೆ ನಿಲ್ಲದವನನ್ನು ಇಳಿಸಬೇಕೇ ಹೊರತು ಅಳತೆಗೋಲನ್ನು ಮುರಿಯಲಾಗದು.

ಹಾಗೆಂದು ಬೋಧೆಯನ್ನೆಲ್ಲ ಇದ್ದಂತೆಯೇ ಒಪ್ಪಬೇಕೆಂದಲ್ಲ. ಅದನ್ನು ಜರಡಿ ಹಿಡಿಯಬೇಕು. ಗುಟ್ಟನ್ನು ಸಾಧನೆಯೆಂದೂ ಪ್ರಶ್ನಿಸದಿರುವುದನ್ನು ಶ್ರದ್ಧೆಯೆಂದೂ ಹೇಳಿದ ಮಾತುಗಳು ಹೊಟ್ಟಾಗಿ ಹಾರಲಿ. ನಿತ್ಯದ ಸೇವೆಯಲ್ಲಿ, ಅಸಹಾಯಕರಿಗೆ ಉಣಿಸಿ ಮೀಯಿಸಿದ ಸಾವಿರಾರು ಕೈಗಳಲ್ಲಿ ನಿಜವೆನಿಸಿದ ಮಾತು ಕಾಳಾಗಿ ಉಳಿಯಲಿ. ಆ ನಿಜ ಒಬ್ಬ ವ್ಯಕ್ತಿಯ ಸೊತ್ತಲ್ಲ.

ಅಷ್ಟಾವರಣದಲ್ಲಿ ಗುರುವಿಗೇ ಮೊದಲ ಸ್ಥಾನ. ಆದುದರಿಂದಲೇ ಶರಣಮಾರ್ಗದವರು ಇದನ್ನು ಅನ್ಯರ ಕಥೆಯೆಂದು ಓದಿ ಮರೆಯಬಾರದು. ಅರಿವೇ ಗುರುವೆಂದು ನಂಬಿದವನು ದೇಹಧಾರಿಯಾದ ಗುರುವಿನ ಪತನದಿಂದ ನೋಯುತ್ತಾನೆ, ಅನಾಥನಾಗುವುದಿಲ್ಲ. ಪಾದಕ್ಕೆರಗುವ ಭಕ್ತನಿಗೆ ಆ ಪಾದ ನಡೆದ ದಾರಿಯನ್ನು ನೋಡುವ ಅಧಿಕಾರವೂ ಉಂಟು.